ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ತುಡಿತದಿಂದ ಹೊರಬರುವುದು: ಮುಂಬಯಿ, ಪುಣೆ, ಗೋವಾದ ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಕನ್ನಡ ಮತ್ತು ತುಳು ಮನೆಗಳ ಮಕ್ಕಳು, ಹೋಟೆಲುಗಳಲ್ಲಿ ದುಡಿಯುವ ಹುಡುಗರು, ಅವರ ತಾಯ್ತಂದೆಯರು ಆಪ್ತಸಮಾಲೋಚಕಿಯಾದ ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಯಾಗಿ ಬರುವ ಸಂದರ್ಭಗಳು ಯಾವ ಒಬ್ಬ ವ್ಯಕ್ತಿಯವೂ ಅಲ್ಲ. ಹಲವರ ಅನುಭವಗಳನ್ನು ಬೆರೆಸಿ, ಗುರುತು ಸಿಗದಂತೆ ಹೇಳಿದ್ದೇನೆ. ಗಾಯ ಮಾಡಿಕೊಳ್ಳುವ ವಿಧಾನಗಳ ವಿವರವನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ತುಡಿತದಲ್ಲಿ ಇರುವವರು ಅದನ್ನು ಓದಿದರೆ ತುಡಿತ ಹೆಚ್ಚುತ್ತದೆ.

ಈ ಕ್ಷಣದಲ್ಲೇ ತುಡಿತ ಬಹಳ ಜೋರಾಗಿದೆ. ಏನು ಮಾಡಲಿ?

ಮೊದಲು, ಯಾವ ವಸ್ತುವಿನ ಕಡೆಗೆ ಕೈ ಹೋಗುತ್ತಿದೆಯೋ ಅದರಿಂದ ದೂರ ನಡೆಯಿರಿ. ಬೇರೆ ಕೋಣೆಯಿದ್ದರೆ ಆ ಕೋಣೆಗೆ, ಇಲ್ಲದಿದ್ದರೆ ಬಾಗಿಲ ಹೊರಗಿನ ಪಡಸಾಲೆಗೆ, ಜನರಿರುವ ಕಡೆಗೆ. ಆಮೇಲೆ 14416 ಸಂಖ್ಯೆಗೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ತೆರೆದಿರುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ನೀವು 18 ವರ್ಷದೊಳಗಿನವರಾದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಈಗಾಗಲೇ ಆಳವಾದ ಗಾಯವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಅಥವಾ ಗುಳಿಗೆಯನ್ನೋ ಮತ್ತೇನನ್ನೋ ನುಂಗಿದ್ದರೆ, 108 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಯಾರನ್ನಾದರೂ ಜೊತೆ ಮಾಡಿಕೊಂಡು ಹೋಗಿ. ನುಂಗಿದ ಮೇಲೆ ಮೈ ಚೆನ್ನಾಗಿಯೇ ಇದೆ ಎಂದು ಅನ್ನಿಸಿದರೂ ಕಾಯಬಾರದು, ಏಕೆಂದರೆ ಕೆಲವು ಔಷಧಗಳ ಹಾನಿ ಒಂದೆರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಆಗ ಚಿಕಿತ್ಸೆ ಕಷ್ಟವಾಗುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನವೂ ಬೇಡ.

ಇದು ಆತ್ಮಹತ್ಯೆಯ ಪ್ರಯತ್ನವೇ?

ಬಹಳಷ್ಟು ಸಲ ಅಲ್ಲ. ತಡೆಯಲಾಗದ ಸಂಕಟವನ್ನು ಆ ಹೊತ್ತಿಗೆ ಇಳಿಸಿಕೊಳ್ಳಲು, ಸಾಯುವ ಉದ್ದೇಶವಿಲ್ಲದೆ, ತಮ್ಮ ಮೈಗೆ ತಾವೇ ನೋವು ಮಾಡಿಕೊಳ್ಳುವವರು ಅನೇಕರಿದ್ದಾರೆ. ಇದನ್ನು ಸ್ವಹಾನಿ ಎಂದು ಕರೆಯುತ್ತಾರೆ. ಆದರೆ "ಸಾಯಲು ಮಾಡಿದ್ದಲ್ಲವಲ್ಲ" ಎಂದು ಮನೆಯವರು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದೂ ತಪ್ಪು, ಏಕೆಂದರೆ ಸ್ವಹಾನಿ ಮಾಡಿಕೊಂಡವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು ಎಂಬುದು ಸ್ಪಷ್ಟವಾಗಿ ತಿಳಿದ ವಿಷಯ. ಅದೇ ವ್ಯಕ್ತಿಯಲ್ಲಿ ಉದ್ದೇಶ ದಿನದಿಂದ ದಿನಕ್ಕೆ ಬದಲಾಗಬಹುದು. ಆದ್ದರಿಂದ "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಹಗುರವಾದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಗಮನ ಸೆಳೆಯಲು ಹೀಗೆ ಮಾಡುತ್ತಾರೆ ಎನ್ನುತ್ತಾರಲ್ಲ?

ಮುಂಬಯಿಯ ಸೆಕೆಯಲ್ಲಿಯೂ ತೋಳು ಮುಚ್ಚಿಕೊಂಡು, ಮನೆಯಲ್ಲಿ ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ಬಚ್ಚಿಟ್ಟವರನ್ನು ಕುರಿತು ಈ ಮಾತು ಹೇಳುವುದು ಅನ್ಯಾಯ. ಕಾರಣಗಳು ಬೇರೆ ಬೇರೆಯಾಗಿರುತ್ತವೆ. ಕೆಲವರಿಗೆ ಸಿಟ್ಟು, ನಾಚಿಕೆ, ದುಃಖ ಒಟ್ಟಿಗೆ ಉಕ್ಕಿ ಬಂದು ಎದೆ ಒಡೆದುಹೋದಂತಾಗುತ್ತದೆ. ಕೆಲವರಿಗೆ ಅದಕ್ಕೆ ವಿರುದ್ಧವಾಗಿ ಏನೂ ಅನ್ನಿಸದೆ ಮೈಮನಸ್ಸು ಮರಗಟ್ಟಿದಂತಾಗುತ್ತದೆ, ತಾನು ಇದ್ದೇನೆ ಎಂದು ಖಾತ್ರಿ ಮಾಡಿಕೊಳ್ಳಲು ನೋವು ಬೇಕೆನಿಸುತ್ತದೆ. ಇನ್ನು ಕೆಲವರು ತಮ್ಮನ್ನು ತಾವೇ ಶಿಕ್ಷಿಸಿಕೊಳ್ಳುತ್ತಿರುತ್ತಾರೆ. ನೋವಾದ ಮೇಲೆ ಸ್ವಲ್ಪ ಹೊತ್ತು ನಿಜವಾಗಿಯೂ ನಿರಾಳವೆನಿಸುತ್ತದೆ, ಮತ್ತು ಆ ನಿರಾಳವೇ ಮಿದುಳಿಗೆ ಮುಂದಿನ ಸಲವೂ ಇದೇ ದಾರಿ ಎಂದು ಕಲಿಸಿಬಿಡುತ್ತದೆ. ಅದರ ಬೆನ್ನಿಗೆ ನಾಚಿಕೆ ಬರುತ್ತದೆ, ನಾಚಿಕೆಯಿಂದ ಮುಚ್ಚುಮರೆ, ಮುಚ್ಚುಮರೆಯಿಂದ ಒಂಟಿತನ. ಆ ಒಂಟಿತನದಲ್ಲಿ ಮುಂದಿನ ತುಡಿತ ಹುಟ್ಟುತ್ತದೆ.

ಒಂದು ವೇಳೆ ಯಾರಾದರೂ ತಮ್ಮ ಗಾಯವನ್ನು ತೋರಿಸಿದರೆ, ಅವರು ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುತ್ತಿದ್ದಾರೆ ಎಂದೇ ತಿಳಿಯಬೇಕು. ಗಮನ ಬೇಕಾದ ಮಗುವಿಗೆ ಗಮನ ಕೊಡುವುದರಲ್ಲಿ ತಪ್ಪೇನಿದೆ?

ತುಡಿತ ಎಷ್ಟು ಹೊತ್ತು ಇರುತ್ತದೆ? ತಡೆದರೆ ಇನ್ನೂ ಹೆಚ್ಚುವುದಿಲ್ಲವೇ?

ತುಡಿತದ ನಡುವೆ ಇರುವವರಿಗೆ ಅದು ಏರುತ್ತಲೇ ಹೋಗುತ್ತದೆ, ಗಾಯ ಮಾಡಿಕೊಳ್ಳದ ಹೊರತು ಇಳಿಯುವುದೇ ಇಲ್ಲ ಎಂದು ಖಚಿತವಾಗಿ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಅಲೆಯಂತೆ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಮಾಹಿಮ್ ಕಡಲಂಚಿನಲ್ಲಿ ನಿಂತು ನೋಡಿದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಎಷ್ಟು ನಿಮಿಷ ಎಂಬುದು ಒಬ್ಬೊಬ್ಬರಿಗೆ ಒಂದೊಂದು ತೆರ. ಹಾಗಾಗಿ "ಇನ್ನೆಂದೂ ಮಾಡುವುದಿಲ್ಲ" ಎನ್ನುವ ಬದಲು "ಇನ್ನು ಹದಿನೈದು ನಿಮಿಷ ಮಾಡುವುದಿಲ್ಲ" ಎಂದು ಗಡಿಯಾರ ನೋಡಿಕೊಳ್ಳಿ. ಹದಿನೈದು ನಿಮಿಷ ಕಳೆದ ಮೇಲೂ ತುಡಿತವಿದ್ದರೆ ಇನ್ನೊಂದು ಹದಿನೈದು.

ಆ ಅವಧಿಯಲ್ಲಿ ಮೈಯನ್ನು ಮೊದಲು ಶಾಂತಗೊಳಿಸಬೇಕು, ಯೋಚನೆಯೊಂದಿಗೆ ವಾದಕ್ಕಿಳಿಯಬಾರದು. ಮುಖವನ್ನು, ಅದರಲ್ಲೂ ಕಣ್ಣು ಮತ್ತು ಕೆನ್ನೆಯ ಭಾಗವನ್ನು, ಉಸಿರು ಹಿಡಿದು ಕೆಲವು ಸೆಕೆಂಡು ತಣ್ಣೀರಿಗೆ ಒಡ್ಡಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ನೀರಿನಲ್ಲಿ ಮುಳುಗುವ ಪ್ರಾಣಿಗಳಲ್ಲಿ ಇರುವ ಸಹಜ ಪ್ರತಿಕ್ರಿಯೆಯೇ ನಮ್ಮಲ್ಲಿಯೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ನಲ್ಲಿಯ ನೀರು ಬೆಚ್ಚಗೇ ಬರುವುದರಿಂದ ಫ್ರಿಜ್ಜಿನ ನೀರನ್ನು ಬೋಗುಣಿಗೆ ಸುರಿದುಕೊಳ್ಳಿ, ಅಥವಾ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮುಖದ ಮೇಲೆ ಒತ್ತಿಕೊಳ್ಳಿ. ಹೃದಯದ ತೊಂದರೆ ಇರುವವರು ಮತ್ತು ಊಟ ಬಿಟ್ಟು ಬಹಳ ನಿತ್ರಾಣರಾದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಇನ್ನೊಂದು ಉಪಾಯ ಉಸಿರಿನದು: ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಕೆಲವು ನಿಮಿಷ. ಮೆಟ್ಟಿಲು ಹತ್ತಿ ಇಳಿಯುವುದು, ಬಟ್ಟೆ ಒಗೆಯುವುದು, ತೆಂಗಿನಕಾಯಿ ತುರಿಯುವುದು, ಹೀಗೆ ಕೈಕಾಲಿಗೆ ದುಡಿಮೆ ಕೊಡುವ ಯಾವುದೂ ಆಗಬಹುದು; ತುರಿಯುವ ಮಣೆಯೇ ನಿಮಗೆ ಅಪಾಯವೆನಿಸಿದರೆ ಬಟ್ಟೆ ಒಗೆಯುವುದೇ ಮೇಲು.

ಚಾಳಿನ ಒಂದೇ ಕೋಣೆಯಲ್ಲಿ ಐದು ಜನ ಇದ್ದೇವೆ. ಒಬ್ಬಳೇ ಕುಳಿತು ಅಳಲೂ ಜಾಗವಿಲ್ಲ. ಈ ಉಪಾಯಗಳನ್ನು ಎಲ್ಲಿ ಮಾಡಲಿ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಅನ್ನಿಸುವುದೇನೆಂದರೆ, ಸ್ವಂತ ಕೋಣೆ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದ ಸಲಹೆಗಳು ನಮ್ಮ ಮನೆಗಳಿಗೆ ಅರ್ಧಕ್ಕರ್ಧ ಹೊಂದುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಬಚ್ಚಲುಮನೆಯೊಂದೇ, ಮತ್ತು ತುಡಿತ ಬಂದಾಗ ಅಲ್ಲಿ ಒಬ್ಬರೇ ಇರುವುದೇ ಅಪಾಯ. ಆದ್ದರಿಂದ ಬಚ್ಚಲಿಗೆ ಹೋಗುವ ಬದಲು ಜನರ ನಡುವೆಯೇ ಕುಳಿತು ಮಾಡಬಹುದಾದ್ದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಉಸಿರನ್ನು ಎಣಿಸುವುದು ಯಾರಿಗೂ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಐದು ವಸ್ತು, ಕಿವಿಗೆ ಬೀಳುವ ನಾಲ್ಕು ಸದ್ದು, ಮೈಗೆ ತಾಗುವ ಮೂರು ಸ್ಪರ್ಶ ಎಂದು ಮನಸ್ಸಿನಲ್ಲೇ ಹೆಸರಿಸುತ್ತ ಹೋಗುವುದನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿಯೂ ಮಾಡಬಹುದು. ಮಂಗಳೂರು ಕಡೆಯವರಾದ ಒಬ್ಬ ವಿದ್ಯಾರ್ಥಿನಿ ತುಡಿತ ಬಂದಾಗಲೆಲ್ಲ ಊರಿನ ಬಸ್ ನಿಲ್ದಾಣಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಕೊಳ್ಳುತ್ತಾಳೆ. ಅಷ್ಟು ಗಮನ ಬೇಡುವ ಕೆಲಸದ ನಡುವೆ ತುಡಿತಕ್ಕೆ ಜಾಗ ಕಡಿಮೆಯಾಗುತ್ತದೆ.

ಹಗಲು ಹೊತ್ತಾದರೆ ಗ್ರಂಥಾಲಯ, ದೇವಸ್ಥಾನದ ಜಗಲಿ, ನೆರೆಮನೆಯ ಅಜ್ಜಿಯ ಬಳಿ ಅವರೆಕಾಯಿ ಬಿಡಿಸುತ್ತ ಕೂರುವುದು, ಇವೆಲ್ಲ ಒಳ್ಳೆಯ ಜಾಗಗಳೇ. ರೈಲು ಹಳಿಯ ಹತ್ತಿರ, ತಾರಸಿಯ ಮೇಲೆ, ಕಡಲಂಚಿನಲ್ಲಿ ಒಬ್ಬರೇ ಹೋಗಬೇಡಿ.

ನೋವಿಗೆ ಬದಲಾಗಿ ಕಡಿಮೆ ಅಪಾಯದ ಬೇರೆ ನೋವು ಮಾಡಿಕೊಳ್ಳಿ ಎಂಬ ಸಲಹೆ ಸರಿಯೇ?

ಈ ವಿಷಯದಲ್ಲಿ ತಜ್ಞರ ಅಭಿಪ್ರಾಯ ಒಂದೇ ಆಗಿಲ್ಲ. ಸಂಕಟ ಬಂದಾಗ ಮೈಗೆ ನೋವು ಕೊಡಬೇಕು ಎಂಬ ಜೋಡಣೆಯನ್ನು ಅದು ಹಾಗೆಯೇ ಉಳಿಸುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಹೇಳಿಕೊಡುವುದಿಲ್ಲ. ಈಗಾಗಲೇ ಹಾಗೆ ಮಾಡುತ್ತಿರುವವರು ತಪ್ಪಿತಸ್ಥರೆಂದು ಭಾವಿಸದೆ, ನಿಮ್ಮ ಚಿಕಿತ್ಸಕರಿಗೆ ಅದನ್ನು ತಿಳಿಸಿ, ಮೆಲ್ಲನೆ ನೋವಿಲ್ಲದ ಉಪಾಯಗಳ ಕಡೆಗೆ ಬನ್ನಿ.

ಅಮ್ಮ ದೇವರ ಮುಂದೆ ಆಣೆ ಮಾಡಿಸಿಕೊಂಡರು. ಆಣೆ ಮುರಿದುಬಿಟ್ಟೆ. ಈಗ ಅವರ ಮುಖ ನೋಡಲು ಆಗುತ್ತಿಲ್ಲ.

ನನ್ನಲ್ಲಿಗೆ ಬರುವ ಕರಾವಳಿ ಮೂಲದ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಸಂಕಟ ಕೊಟ್ಟ ವಿಷಯ ಬೇರೊಂದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಗಳ ಕೈಯಲ್ಲಿ ಗಾಯ ಕಂಡ ತಾಯಿ, ಬೇರೇನೂ ತೋಚದೆ, ಮಂಜುನಾಥನ ಪಟದ ಮುಂದೆ ನಿಲ್ಲಿಸಿ "ಇನ್ನು ಮಾಡುವುದಿಲ್ಲ ಎಂದು ಆಣೆ ಹಾಕು" ಎನ್ನುತ್ತಾರೆ. ಆಣೆ ಪ್ರಮಾಣ ಎಂದರೆ ನಮ್ಮಲ್ಲಿ ಹಗುರ ಮಾತಲ್ಲ. ತಪ್ಪಿದರೆ ಮನೆಗೇ ಕೇಡು ಎಂದು ಕೇಳಿಕೊಂಡೇ ಆ ಮಗು ಬೆಳೆದಿರುತ್ತದೆ. ಒಂದು ರಾತ್ರಿ ತುಡಿತ ಗೆದ್ದುಬಿಟ್ಟರೆ, ಗಾಯದ ನಾಚಿಕೆಯ ಮೇಲೆ ಆಣೆ ಮುರಿದ ಪಾಪವೂ, ಅಪ್ಪನಿಗೆ ಜ್ವರ ಬಂದರೂ ಅದು ತನ್ನಿಂದಲೇ ಎಂಬ ಭಯವೂ ಸೇರಿಕೊಳ್ಳುತ್ತವೆ. ಅಂದಿನಿಂದ ಆ ಮಗು ಸುಳ್ಳು ಹೇಳಲೇಬೇಕಾಗುತ್ತದೆ, ಏಕೆಂದರೆ ನಿಜ ಹೇಳುವುದೆಂದರೆ ದೈವದ್ರೋಹವನ್ನು ಒಪ್ಪಿಕೊಂಡಂತೆ. ಸ್ವಹಾನಿ ಮಾಡಿಕೊಳ್ಳುವುದಿಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿಸುವ ಪದ್ಧತಿ ಚಿಕಿತ್ಸಾಲಯಗಳಲ್ಲೂ ಒಂದು ಕಾಲದಲ್ಲಿ ಇತ್ತು; ಅದು ರಕ್ಷಣೆ ಕೊಡುತ್ತದೆ ಎಂಬುದಕ್ಕೆ ಪುರಾವೆ ಸಿಗದ ಕಾರಣ ಈಗ ಅದನ್ನು ಶಿಫಾರಸು ಮಾಡುವುದಿಲ್ಲ.

ಆಣೆಯನ್ನು ಬಿಡಿಸುವ ದಾರಿ ನಮ್ಮ ಪದ್ಧತಿಯೊಳಗೇ ಇದೆ. ಒಬ್ಬ ತಾಯಿ ಮಗಳನ್ನು ಕೂರಿಸಿಕೊಂಡು, "ಆ ಆಣೆ ಹಾಕಿಸಿದ್ದು ನಾನು, ಹೆದರಿ ಹಾಕಿಸಿದೆ, ಅದರ ತಪ್ಪುಕಾಣಿಕೆ ನಾನೇ ಹಾಕುತ್ತೇನೆ, ನಿನ್ನ ಮೇಲೆ ಏನೂ ಇಲ್ಲ" ಎಂದು ಹೇಳಿ, ಮಗಳ ಎದುರೇ ಮುಡಿಪು ಕಟ್ಟಿಟ್ಟರು. ಆಮೇಲೆ ಆಣೆಯ ಜಾಗದಲ್ಲಿ ಅವರಿಬ್ಬರೂ ಒಂದು ಗುರುತನ್ನು ಗೊತ್ತುಮಾಡಿಕೊಂಡರು: ಬಾಯಿಬಿಟ್ಟು ಹೇಳಲಾಗದ ದಿನ ಅಡುಗೆಕಟ್ಟೆಯ ಮೇಲೆ ಸ್ಟೀಲ್ ಲೋಟವನ್ನು ಬೋರಲು ಇಡಬೇಕು, ಅದನ್ನು ಕಂಡರೆ ತಾಯಿ ಪ್ರಶ್ನೆ ಕೇಳದೆ ಬಂದು ಪಕ್ಕದಲ್ಲಿ ಕೂರಬೇಕು. ಹೆತ್ತವರು ಮಕ್ಕಳಿಂದ ಕೇಳಬೇಕಾದ ಮಾತು "ಇನ್ನೆಂದೂ ಮಾಡಬೇಡ" ಎಂಬುದಲ್ಲ, "ಮಾಡಬೇಕೆನ್ನಿಸಿದಾಗ, ಮಾಡಿದ ಮೇಲೆಯೂ, ನನ್ನನ್ನು ಎಬ್ಬಿಸು" ಎಂಬುದು. ಆಣೆ ಮುರಿದಿದೆ ಎಂದು ಕೊರಗುತ್ತಿರುವ ನಿಮಗೂ ನಾನು ಹೇಳುವುದು ಇಷ್ಟೇ: ನಿಮ್ಮ ತಾಯಿ ನಿಮ್ಮಿಂದ ಬಯಸಿದ್ದು ನೀವು ಸುರಕ್ಷಿತವಾಗಿರಬೇಕೆಂದು, ಮತ್ತು ಅದಕ್ಕೆ ಈಗ ಅವರಿಗೆ ನಿಜ ತಿಳಿಯುವುದು ಅಗತ್ಯ.

ನಾಲ್ಕು ತಿಂಗಳು ಚೆನ್ನಾಗಿದ್ದು ಮತ್ತೆ ಜಾರಿದೆ. ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೇ?

ಇಲ್ಲ. ನಾಲ್ಕು ತಿಂಗಳಲ್ಲಿ ಎಷ್ಟು ತುಡಿತಗಳನ್ನು ನೀವು ದಾಟಿದ್ದೀರೋ ಅಷ್ಟು ಸಲದ ಕಲಿಕೆ ನಿಮ್ಮಲ್ಲಿ ಉಳಿದಿದೆ. ಒಂದು ರಾತ್ರಿ ಅದನ್ನು ಅಳಿಸುವುದಿಲ್ಲ. ಅನೇಕರು ಫೋನಿನಲ್ಲಿ ದಿನ ಎಣಿಸುತ್ತಾರೆ. ಕೆಲವರಿಗೆ ಅದು ಹುರುಪು ಕೊಡುತ್ತದೆ, ಆದರೆ ಎಣಿಕೆ ಸೊನ್ನೆಗೆ ಬಂದಾಗ ಕುಸಿದುಹೋಗುವವರಿಗೆ ಅದು ಆಣೆಯ ಇನ್ನೊಂದು ರೂಪ. ಅಂಥವರು ದಿನದ ಬದಲು ದಾಟಿದ ತುಡಿತಗಳನ್ನು ಎಣಿಸಲಿ. ಆ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಮೊದಲು ಗಾಯದ ಆರೈಕೆ ಮಾಡಿಕೊಳ್ಳಿ: ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಒಂದೆರಡು ದಿನ ಕಳೆದ ಮೇಲೆ, ಶಾಂತವಾಗಿರುವಾಗ, ಜಾರಿದ ಕ್ಷಣಕ್ಕೆ ಹಿಂದಿನ ಇಪ್ಪತ್ತನಾಲ್ಕು ಗಂಟೆಯನ್ನು ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ನಿದ್ದೆ ಸರಿಯಾಗಿತ್ತೇ, ಊಟ ಬಿಟ್ಟಿರೇ, ಮದ್ಯ ಕುಡಿದಿರೇ, ಯಾರ ಯಾವ ಮಾತು ಚುಚ್ಚಿತು, ಯಾವ ಕ್ಷಣದಲ್ಲಿ ಯಾರಿಗಾದರೂ ಹೇಳಬಹುದಿತ್ತು? ಬಹುಪಾಲು ಜನರಿಗೆ ಈ ಸರಪಳಿಯಲ್ಲಿ ಮುರಿಯಬಹುದಾದ ಕೊಂಡಿಯೊಂದು ಗಂಟೆಗಟ್ಟಲೆ ಹಿಂದೆಯೇ ಸಿಗುತ್ತದೆ.

ಸುರಕ್ಷತಾ ಯೋಜನೆ ಎಂದರೇನು?

ತುಡಿತ ಏರಿದಾಗ ಯೋಚಿಸುವ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಸಮಾಧಾನದ ಹೊತ್ತಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳುವ ಒಂದು ಪುಟದ ಚೀಟಿ ಅದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಮಾದರಿ ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ತುಡಿತ ಬರುವ ಮೊದಲ ಸೂಚನೆಗಳೇನು, ಒಬ್ಬರೇ ಮಾಡಬಹುದಾದ್ದೇನು, ಮನಸ್ಸನ್ನು ಬೇರೆಡೆ ತಿರುಗಿಸುವ ಜನ ಮತ್ತು ಜಾಗ ಯಾವುವು, ನಿಜ ಹೇಳಿ ನೆರವು ಕೇಳಬಹುದಾದವರು ಯಾರು, ಯಾವ ವೈದ್ಯರಿಗೆ ಅಥವಾ ಸಹಾಯವಾಣಿಗೆ ಕರೆ ಮಾಡಬೇಕು, ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಹೇಗೆ ದೂರವಿಡಬೇಕು ಎಂಬುದನ್ನು ಆ ಕ್ರಮದಲ್ಲಿಯೇ ಬರೆಯುತ್ತಾರೆ. ಮೇಲಿನಿಂದ ಕೆಳಗೆ ಹೋಗುತ್ತ ಒಂದು ಫಲಿಸದಿದ್ದರೆ ಮುಂದಿನದು. ಅಪಾಯ ಎದುರಿಗೇ ಇದ್ದರೆ ನೇರವಾಗಿ ಕೊನೆಯ ಸಾಲುಗಳಿಗೆ.

ಇದನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ. "ಆತಂಕದ ಲಕ್ಷಣಗಳು" ಎಂದು ಬರೆದದ್ದು ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ. "ಮಂಡೆ ಬೆಚ್ಚವಾಗಿ, ಅಕ್ಕನ ಮೆಸೇಜಿಗೂ ಉತ್ತರ ಕೊಡದೆ ಗೋಡೆ ಕಡೆ ತಿರುಗಿ ಮಲಗುತ್ತೇನೆ" ಎಂಬುದು ಬರುತ್ತದೆ. ಅಪಾಯದ ವಸ್ತುಗಳನ್ನು ದೂರವಿಡುವ ಕೊನೆಯ ಅಂಶವನ್ನು ಹಲವರು ಹಗುರವಾಗಿ ನೋಡುತ್ತಾರೆ, ಆದರೆ ನನ್ನ ಮಟ್ಟಿಗೆ ಅದೇ ಮೊದಲು ಮಾಡಬೇಕಾದ ಕೆಲಸ. ಅಜ್ಜನ ಗುಳಿಗೆಗಳ ಡಬ್ಬಿಗೆ ಬೀಗ ಹಾಕಿ ಬೀಗದಕೈ ಅಪ್ಪನ ಬಳಿ ಇಡುವುದು ಅಪನಂಬಿಕೆಯ ಕೆಲಸವಲ್ಲ. ಅಲೆ ಏರಿದ ಆ ಕೆಲವು ನಿಮಿಷ ಕೈಗೆ ಏನೂ ಸಿಗದಿದ್ದರೆ ಇಳಿಯಲು ಅದಕ್ಕೆ ಅವಕಾಶ ಸಿಗುತ್ತದೆ.

ಇದಕ್ಕೆ ನಿಜವಾಗಿ ಚಿಕಿತ್ಸೆ ಇದೆಯೇ? ಮಾತ್ರೆ ತೆಗೆದುಕೊಳ್ಳಬೇಕೇ?

ಸ್ವಹಾನಿಗೆಂದೇ ಇರುವ ಮಾತ್ರೆ ಯಾವುದೂ ಇಲ್ಲ. ಅದರ ಹಿಂದೆ ಖಿನ್ನತೆ, ಆತಂಕ ಅಥವಾ ಬೇರೆ ಕಾಯಿಲೆಯಿದ್ದರೆ ಮನೋವೈದ್ಯರು ಅದಕ್ಕೆ ಔಷಧ ಕೊಡಬಹುದು, ಮತ್ತು ಕೊಟ್ಟ ಔಷಧವನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ಮುಖ್ಯ ಚಿಕಿತ್ಸೆ ಮಾತಿನದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರು ರೂಪಿಸಿ, 1991ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ವಿಧಾನ, ಉಕ್ಕುವ ಭಾವನೆಯನ್ನು ಗುರುತಿಸುವುದು, ಸಂಕಟವನ್ನು ಹಾನಿಯಿಲ್ಲದೆ ದಾಟುವುದು, ಬೇಕಾದ್ದನ್ನು ಜಗಳವಿಲ್ಲದೆ ಕೇಳುವುದು ಮುಂತಾದ ಕೌಶಲಗಳನ್ನು ಅಭ್ಯಾಸ ಮಾಡಿಸುತ್ತದೆ. ಹದಿಹರೆಯದಲ್ಲಿ ತಾನೂ ತೀವ್ರ ಸ್ವಹಾನಿಯಿಂದ ನರಳಿ ಆಸ್ಪತ್ರೆಯಲ್ಲಿದ್ದುದನ್ನು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿದರು. ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಸಿ.ಬಿ.ಟಿ. ಎಂಬ ವಿಧಾನವೂ ಅನೇಕರಿಗೆ ಫಲ ಕೊಟ್ಟಿದೆ.

ಹೆತ್ತವರಿಗೆ ಧೈರ್ಯ ತರುವ ಒಂದು ವಿಷಯ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ವಯಸ್ಸಿನಲ್ಲಿ ಸ್ವಹಾನಿ ಮಾಡಿಕೊಂಡವರ ಪೈಕಿ ಬಹುತೇಕ ಜನ ಪ್ರಾಯಕ್ಕೆ ಬರುವ ಹೊತ್ತಿಗೆ ಅದನ್ನು ನಿಲ್ಲಿಸಿದ್ದರು. ಅದೇ ಅಧ್ಯಯನ ಖಿನ್ನತೆ ಮತ್ತು ಆತಂಕ ಇದ್ದವರಿಗೆ ಚಿಕಿತ್ಸೆ ಬೇಕೆಂಬುದನ್ನೂ ಒತ್ತಿ ಹೇಳಿತು. ತಾನಾಗಿ ಹೋಗುತ್ತದೆ ಎಂದು ಕಾದು ಕೂರುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು.

ಎಲ್ಲಿಗೆ ಹೋಗಬೇಕು? ಖಾಸಗಿ ವೈದ್ಯರ ಫೀ ಕೊಡಲು ಶಕ್ತಿಯಿಲ್ಲ.

ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಸಾಯನ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಜುಹೂವಿನ ಕೂಪರ್ ಆಸ್ಪತ್ರೆಗಳು ಮಹಾನಗರಪಾಲಿಕೆಯವು, ಭಾಯಖಳಾದ ಜೆ.ಜೆ. ಆಸ್ಪತ್ರೆ ರಾಜ್ಯ ಸರ್ಕಾರದ್ದು. ಇವುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಸಾಲು ಉದ್ದವಿರುತ್ತದೆ, ಜೊತೆಗೊಬ್ಬರಿದ್ದರೆ ಒಳ್ಳೆಯದು. ಪುಣೆಯಲ್ಲಿ ರೈಲು ನಿಲ್ದಾಣದ ಹತ್ತಿರದ ಸಸೂನ್ ಆಸ್ಪತ್ರೆಯಿದೆ. ವಾಸ್ಕೋ, ಝುವಾರಿನಗರ, ಮಡಗಾಂವ್ ಕಡೆ ನೆಲೆಸಿರುವ ಕನ್ನಡಿಗರಿಗೆ ಬಾಂಬೋಳಿಯಲ್ಲಿ, ಗೋವಾ ಮೆಡಿಕಲ್ ಕಾಲೇಜಿನ ಸಮೀಪ, ಸರ್ಕಾರದ ಮನೋವೈದ್ಯಕೀಯ ಸಂಸ್ಥೆಯಿದೆ.

ಭಾಷೆ ಬಗ್ಗೆ ಒಂದು ಮಾತು. ಹಿಂದಿಯಲ್ಲೋ ಮರಾಠಿಯಲ್ಲೋ ವ್ಯವಹಾರ ಮಾಡಬಲ್ಲವರಿಗೂ ಎದೆಯ ಸಂಕಟ ಹೇಳಲು ಮನೆಮಾತು ಬೇಕಾಗುತ್ತದೆ. ಕನ್ನಡ ಬಲ್ಲವರು ಸಿಗದಿದ್ದರೆ ಹೇಳಬೇಕಾದ್ದನ್ನು ಮೊದಲೇ ಕನ್ನಡದಲ್ಲಿ ಬರೆದು, ಎರಡೂ ಭಾಷೆ ಬಲ್ಲ ನಂಬಿಕಸ್ತರಿಂದ ಹೇಳಿಸಿ. ಮನೆಯ ಚಿಕ್ಕ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿ. ಮನೋವೈದ್ಯರು ದೂರವಿದ್ದರೆ ತರಬೇತಾದ ಸಮಾಲೋಚಕರ ನೆರವನ್ನು ಕಡಿಮೆಯೆಂದು ಎಣಿಸಬೇಕಾಗಿಲ್ಲ: ಗೋವಾದ ಸಂಗತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ತೀವ್ರ ಖಿನ್ನತೆ ಇದ್ದವರಿಗೂ ಫಲಕಾರಿಯಾದ ನೆರವು ಕೊಡಬಲ್ಲರು ಎಂದು ಕಂಡುಬಂದಿದೆ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಈ ಭಯದಿಂದ ಗಾಯವನ್ನು ಮನೆಯಲ್ಲೇ ಮುಚ್ಚಿಟ್ಟು ಸೋಂಕು ಮಾಡಿಕೊಂಡವರಿದ್ದಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಕ್ಯಾಷುವಾಲ್ಟಿಯಲ್ಲಿ ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್, ಎಂದು ದಾಖಲಿಸಿ ಪೊಲೀಸರು ಹೇಳಿಕೆ ಪಡೆಯಬಹುದು. ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಕಾಯಿಸುವಂತಿಲ್ಲ, ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮಾನಸಿಕ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕೂ ಅದೇ 2017ರ ಕಾಯ್ದೆಯಲ್ಲಿದೆ.

ಮಗನ ಗಾಯ ಇವತ್ತೇ ಕಣ್ಣಿಗೆ ಬಿತ್ತು. ಏನು ಹೇಳಲಿ?

ಮೊದಲ ಹತ್ತು ನಿಮಿಷ ಬೈಯಬೇಡಿ, ಅಳುತ್ತ "ನಮ್ಮಿಂದ ಏನು ಕಡಿಮೆಯಾಯಿತು" ಎಂದು ಲೆಕ್ಕ ಕೇಳಬೇಡಿ, ಫೋನ್ ಕಸಿದುಕೊಳ್ಳಬೇಡಿ. "ನೋಡಿದೆ. ಬಹಳ ಕಷ್ಟದಲ್ಲಿ ಇದ್ದೀಯ ಎಂದು ಅರ್ಥವಾಯಿತು. ಸಿಟ್ಟು ಮಾಡುವುದಿಲ್ಲ. ಗಾಯ ತೊಳೆಯೋಣವೇ?" ಎಂದರೆ ಅಂದಿಗೆ ಸಾಕು. ಊರಿಗೆ ಫೋನ್ ಮಾಡಿ ಎಲ್ಲ ಸಂಬಂಧಿಕರಿಗೆ ತಿಳಿಸುವುದು ಬೇಡ. ಯಾರಿಗೆ ಹೇಳಬಹುದು ಎಂದು ಅವನನ್ನೇ ಕೇಳಿ. ತೋಳು ತೋರಿಸು ಎಂದು ದಿನವೂ ತಪಾಸಣೆ ಮಾಡಿದರೆ ಅವನು ಬಚ್ಚಿಡುವುದನ್ನು ಕಲಿಯುತ್ತಾನೆ.

ಮದುವೆ ಮಾಡಿಸಿದರೆ, ಊರಿಗೆ ಕಳಿಸಿದರೆ, ದೈವದ ಬಳಿ ಕೇಳಿಸಿದರೆ ಸರಿಹೋಗುತ್ತದೆಯೇ?

ಮದುವೆಯಿಂದ ಸರಿಹೋಗುವುದಿಲ್ಲ, ಗೊತ್ತಿಲ್ಲದ ಇನ್ನೊಂದು ಮನೆಗೆ ಈ ಭಾರವನ್ನು ಒಬ್ಬಳೇ ಹೊತ್ತು ಹೋದಂತಾಗುತ್ತದೆ. ಅಜ್ಜಿಯ ಮನೆಯಲ್ಲಿ ಕೆಲವು ದಿನ ಇರಬೇಕೆಂದು ಅವರೇ ಬಯಸಿದರೆ ಹೋಗಿಬರಲಿ, ಶಿಕ್ಷೆಯಾಗಿ ಕಳಿಸಬೇಡಿ, ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಳ್ಳಿ. ಪೂಜೆ, ಹರಕೆ ಮನೆಯವರಿಗೆ ಧೈರ್ಯ ಕೊಡುವುದಾದರೆ ವೈದ್ಯರ ಜೊತೆಜೊತೆಗೆ ಮಾಡಿ. ಆದರೆ ಮಗುವಿನ ಮೇಲೆ ಏನೋ ಇದೆ ಎನ್ನುವವರ ಮುಂದೆ, ಹೊಡೆದು ಬಿಡಿಸುತ್ತೇವೆ ಎನ್ನುವವರ ಮುಂದೆ, ಯಾವ ಕಾರಣಕ್ಕೂ ಕೂರಿಸಬೇಡಿ.

ನಮ್ಮ ಹೋಟೆಲಿನಲ್ಲಿ ಕೆಲಸಕ್ಕಿರುವ ಹುಡುಗನ ಕೈಯಲ್ಲಿ ಗಾಯಗಳನ್ನು ಕಂಡೆ. ನಾನು ಮಾಲೀಕ, ನನ್ನ ಪಾತ್ರವೇನು?

ಊರು ಬಿಟ್ಟು ಬಂದು, ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದು, ಹತ್ತು ಜನರೊಂದಿಗೆ ಮಾಳಿಗೆಯಲ್ಲಿ ಮಲಗುವ ಹುಡುಗನಿಗೆ ಇಲ್ಲಿ ಮನೆಯವರೆಂದರೆ ನೀವೇ. ಇತರ ಕೆಲಸಗಾರರ ಎದುರು ಪ್ರಸ್ತಾಪಿಸದೆ, ಗಲ್ಲಾದ ಬಳಿಯಲ್ಲೂ ಅಲ್ಲದೆ, ಪ್ರತ್ಯೇಕವಾಗಿ ಕರೆದು "ಏನಪ್ಪಾ, ಬಹಳ ಕಷ್ಟ ಆಗ್ತಾ ಇದೆಯಾ?" ಎಂದು ಕೇಳಿ. ಕೆಲಸದಿಂದ ತೆಗೆಯುವುದಿಲ್ಲ ಎಂದು ಮೊದಲೇ ಹೇಳಿ, ಏಕೆಂದರೆ ಅವನ ಬಾಯಿ ಕಟ್ಟಿರುವುದು ಆ ಭಯವೇ. ಆಸ್ಪತ್ರೆಗೆ ಹೋಗುವ ದಿನದ ಸಂಬಳ ಕಡಿಯಬೇಡಿ. ಕೆಲವು ದಿನ ಚೂರಿಯ ಕೆಲಸ ಬಿಡಿಸಿ, ಸಪ್ಲೈಗೆ ಹಾಕಿ. ರಾತ್ರಿ ಒಬ್ಬನೇ ಇರದಂತೆ, ನಂಬಿಕೆಯ ಒಬ್ಬ ಹಿರಿಯ ಕೆಲಸಗಾರನ ಪಕ್ಕದಲ್ಲಿ ಮಲಗುವ ವ್ಯವಸ್ಥೆ ಮಾಡಿ.

ಹಳೆಯ ಕಲೆಗಳನ್ನು ಏನು ಮಾಡಲಿ? ಕೇಳುವವರಿಗೆ ಏನು ಹೇಳಲಿ?

ಕಲೆಗಳು ಒಂದೆರಡು ವರ್ಷದವರೆಗೂ ತಿಳಿಯಾಗುತ್ತ ಹೋಗುತ್ತವೆ. ಬಿಸಿಲಿನಿಂದ ಕಾಪಾಡುವುದು, ಚರ್ಮವೈದ್ಯರು ಹೇಳಿದರೆ ಸಿಲಿಕೋನ್ ಜೆಲ್ ಹಚ್ಚುವುದು ನೆರವಾಗಬಹುದು. ಯಾರು ಕೇಳಿದರೂ ಕಥೆ ಹೇಳಬೇಕಾದ ಋಣ ನಿಮಗಿಲ್ಲ. "ಹಳೆಯದು, ಈಗ ವಾಸಿಯಾಗಿದೆ" ಎಂದು ಮಾತು ಬದಲಿಸಬಹುದು. ಮದುವೆಯಾಗುವವರಿಗೆ ಹೇಳಬೇಕೇ ಎಂದು ಹಲವರು ಕೇಳುತ್ತಾರೆ. ಹೇಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಆದರೆ ಮಾತುಕತೆಯ ಚಾವಡಿಯಲ್ಲಿ ಅಲ್ಲ, ಇಬ್ಬರೇ ಇರುವಾಗ, ನೀವು ಸಿದ್ಧವಾದಾಗ.

ಪೂರ್ತಿ ಗುಣವಾಯಿತು ಎಂದು ಯಾವಾಗ ತಿಳಿಯುತ್ತದೆ?

ತುಡಿತವೇ ಬಾರದ ದಿನಕ್ಕಾಗಿ ಕಾಯಬೇಡಿ. ಅದು ವಿರಳವಾಗುತ್ತ, ಮೆತ್ತಗಾಗುತ್ತ ಹೋಗುತ್ತದೆ, ಕೆಲವರಿಗೆ ವರ್ಷಗಳ ನಂತರವೂ ಕೆಟ್ಟ ದಿನದಲ್ಲಿ ಒಮ್ಮೆ ಬಂದು ಇಣುಕುತ್ತದೆ. ಮೊದಲು ಗಾಯವಾದ ಮೂರು ದಿನಕ್ಕೆ ಹೇಳುತ್ತಿದ್ದವರು ಆಮೇಲೆ ಅದೇ ದಿನ ಹೇಳುತ್ತಾರೆ, ಮುಂದೆ ತುಡಿತ ಬಂದಾಗಲೇ ಹೇಳುತ್ತಾರೆ, ಕೊನೆಗೆ ಬರುವ ಸೂಚನೆ ಕಂಡಾಗಲೇ ಹೇಳುತ್ತಾರೆ. ಚೇತರಿಕೆಯನ್ನು ಅಳೆಯಲು ನಾನು ನೋಡುವುದು ಈ ಅಂತರವನ್ನೇ. ಸು‌ರಕ್ಷತಾ ಯೋಜನೆಯ ಚೀಟಿಯನ್ನು ಹರಿದು ಹಾಕಬೇಡಿ, ಪರೀಕ್ಷೆಯ ಫಲಿತಾಂಶ ಬರುವ ಮೊದಲು, ಕೆಲಸ ಅಥವಾ ಮನೆ ಬದಲಾಗುವಾಗ, ಹತ್ತಿರದವರು ತೀರಿಕೊಂಡ ದಿನಗಳ ಆಸುಪಾಸಿನಲ್ಲಿ ಅದನ್ನು ತೆಗೆದು ಓದಿ, ಬದಲಾದ ಫೋನ್ ಸಂಖ್ಯೆಗಳನ್ನು ತಿದ್ದಿ, ಯಾರ ಹೆಸರು ಬರೆದಿದ್ದೀರೋ ಅವರಿಗೆ ಒಂದು ಕರೆ ಮಾಡಿ, "ನಿಮ್ಮ ಹೆಸರು ಇನ್ನೂ ನನ್ನ ಚೀಟಿಯಲ್ಲಿದೆ, ಇರಲಿ ಅಲ್ಲವೇ?" ಎಂದು ಕೇಳಿಕೊಳ್ಳಿ.